ಹಿರಿಯರಿಗೆ ಮೊಬೈಲ್ ಪಾಠ: ಯಾವುದನ್ನು ಮೊದಲು ಕಲಿಸಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘದಲ್ಲಿ ಸ್ಮಾರ್ಟ್‌ಫೋನ್ ತರಬೇತಿ ಇಟ್ಟಿದ್ದೆವು. ಪ್ರೊಜೆಕ್ಟರ್ ಹಾಕಿ ವಾಟ್ಸಾಪ್‌ನಿಂದ ಯುಪಿಐವರೆಗೆ ಎಲ್ಲವನ್ನೂ ತೋರಿಸಿದರು. ವಾರ ಕಳೆಯುವಷ್ಟರಲ್ಲಿ ಯಾರಿಗೂ ಏನೂ ನೆನಪಿಲ್ಲ. ವಯಸ್ಸಾದ ಮೇಲೆ ಇದೆಲ್ಲ ತಲೆಗೆ ಹತ್ತುವುದಿಲ್ಲವೇ? ಮತ್ತೊಮ್ಮೆ ಮಾಡುವುದಾದರೆ ಹೇಗೆ ಮಾಡಬೇಕು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಕೈಕೊಟ್ಟ ತರಗತಿಯನ್ನು ಮತ್ತೊಮ್ಮೆ ಮಾಡುತ್ತೇವೆ ಎನ್ನುವವರು ಅಪರೂಪ.

ಹತ್ತುತ್ತದೆ, ಆ ಅನುಮಾನ ಬೇಡ. ವಯಸ್ಸಾದಂತೆ ಹೊಸದನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ತಪ್ಪುಗಳೂ ಒಂದಿಷ್ಟು ಹೆಚ್ಚು. ಆದರೆ ತಮ್ಮದೇ ವೇಗದಲ್ಲಿ, ಕೈಯಾರೆ, ಮತ್ತೆ ಮತ್ತೆ ಮಾಡಿದ್ದು ಉಳಿಯುತ್ತದೆ. ನಿಮ್ಮ ತರಗತಿಯಲ್ಲಿ ಓಡಾಡಿದ್ದು ಕಲಿಸುವವರ ಬೆರಳು ಮಾತ್ರ.

ಹಿರಿಯರನ್ನು ಬಿಟ್ಟು ಯೋಚಿಸುವುದು ದೊಡ್ಡ ಯೋಜನೆಗಳಲ್ಲೂ ಉಂಟು. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ ಸೇರಲು ವಯಸ್ಸು 14ರಿಂದ 60ರೊಳಗೆ ಇರಬೇಕಿತ್ತು. ಅರವತ್ತು ದಾಟಿದವರಿಗೆ ಮನೆಯ ಮಕ್ಕಳು ಹೇಳಿಕೊಡುತ್ತಾರೆ ಎಂಬ ಲೆಕ್ಕವಿದ್ದೀತು. ಮಕ್ಕಳೋ "ಕೊಡಿ ಇಲ್ಲಿ, ನಾನೇ ಮಾಡ್ತೀನಿ" ಎಂದು ಫೋನ್ ಕಸಿದುಕೊಳ್ಳುವವರು!

ಈಗ ಪಾಠದ ಕ್ರಮಕ್ಕೆ ಬರೋಣ. ಮುಖ್ಯವಾದದ್ದನ್ನು ಮೊದಲು ಕಲಿಸಬೇಕು ಎಂದು ನಿಮಗೆ ಅನ್ನಿಸಬಹುದು. ಪಿಂಚಣಿದಾರರಿಗೆ ಜೀವಿತ ಪ್ರಮಾಣಪತ್ರಕ್ಕಿಂತ ಮುಖ್ಯವಾದದ್ದು ಏನಿದೆ? ಮುಖ ತೋರಿಸಿ ಮೊಬೈಲಿನಲ್ಲೇ ಅದನ್ನು ಸಲ್ಲಿಸುವ ಅನುಕೂಲವೂ ಈಗ ಇದೆ. ಆದರೆ ಅದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಬರುವ ಕೆಲಸ. ಜೂನ್‌ನಲ್ಲಿ ಕಲಿಸಿದರೆ ಮೂವತ್ತರ ವಯಸ್ಸಿನವರೂ ಮರೆತಾರು. ಹಾಗಾಗಿ ನಾಳೆ ಬೆಳಿಗ್ಗೆಯೇ ಮತ್ತೆ ಬೇಕಾಗುವ ಕೆಲಸದಿಂದ ಶುರು ಮಾಡಿ: ಮೊಮ್ಮಗಳಿಗೆ ವಿಡಿಯೋ ಕಾಲ್, ಟೈಪ್ ಮಾಡುವ ಬದಲು ಮಾತಾಡಿ ಕಳಿಸುವ ಸಂದೇಶ, ಬಂದ ಫೋಟೋವನ್ನು ದೊಡ್ಡದು ಮಾಡಿ ನೋಡುವುದು. ಒಂದು ದಿನಕ್ಕೆ ಒಂದೇ ಸಾಕು. ಮರುವಾರದ ತರಗತಿ ಹಿಂದಿನ ವಾರದ ಕೆಲಸವನ್ನು ಮತ್ತೆ ಮಾಡುವುದರಿಂದಲೇ ಆರಂಭವಾಗಲಿ. ಜೀವಿತ ಪ್ರಮಾಣಪತ್ರದ ಪಾಠ ನವೆಂಬರಿನಲ್ಲೇ ಇರಲಿ. ಪ್ರತಿಯೊಬ್ಬರೂ ಅಲ್ಲೇ ಕೂತು ತಮ್ಮದನ್ನು ಸಲ್ಲಿಸಿಯೇ ಏಳಲಿ. ಎಂಬತ್ತು ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ, ಅವರನ್ನು ಮೊದಲು ಕರೆಯಿರಿ.

ಒಂದು ಗೊಂದಲವನ್ನು ಇಲ್ಲಿ ಬಿಡಿಸಬೇಕು. "ನಾನು ಮುಟ್ಟಿದರೆ ಏನೇನೋ ಆಗುತ್ತೆ" ಎಂದು ಹಿರಿಯರು ಹೇಳಿದಾಗ ಅದನ್ನು ಹೆದರಿಕೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಏನೇನೋ ಆಗುತ್ತಿರುತ್ತದೆ. ಟಚ್ ಸ್ಕ್ರೀನಿಗೆ ಒತ್ತಡದ ಲೆಕ್ಕವಿಲ್ಲ. ಚರ್ಮ ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಅದು ಗುರುತಿಸುತ್ತದೆ. ವಯಸ್ಸಾದವರ ಬೆರಳ ತುದಿ ಒಣಗಿರುವುದರಿಂದ ಕೆಲವೊಮ್ಮೆ ಸ್ಪರ್ಶ ತಿಳಿಯುವುದೇ ಇಲ್ಲ. ಆಗ ಅವರು ಹಳೆಯ ರಿಮೋಟಿನ ಗುಂಡಿ ಒತ್ತಿದಂತೆ ಜೋರಾಗಿ ಒತ್ತಿ ಹಿಡಿಯುತ್ತಾರೆ. ಬೆರಳು ಅರ್ಧ ಸೆಕೆಂಡಿನಷ್ಟು ನಿಂತರೆ ಫೋನ್ ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಇನ್ನೊಂದು ಪಟ್ಟಿಯನ್ನು ತೆರೆಯುತ್ತದೆ, ಇಲ್ಲವೇ ಐಕಾನ್ ಜಾಗ ಬಿಟ್ಟು ಹೊರಡುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗಕ್ಕೆ ಹೋಗಿ ಈ ಕಾಯುವ ಅವಧಿಯನ್ನು ಹೆಚ್ಚಿಸಬಹುದು. ಮೊದಲ ತರಗತಿಯಲ್ಲಿ ಇದೊಂದನ್ನು ಮಾಡಿ, ಅಕ್ಷರ ದೊಡ್ಡದು ಮಾಡಿ, "ಒತ್ತಬೇಡಿ, ತಟ್ಟಿ ಬಿಡಿ" ಎಂದು ಹೇಳಿಕೊಟ್ಟರೂ ಅರ್ಧ ಕೆಲಸ ಮುಗಿದಂತೆ.

ಹಣದ ಪಾಠ ಇದಾದ ಮೇಲೆ. ಅಕ್ಕಪಕ್ಕ ಕೂತವರು ಪರಸ್ಪರ ಒಂದು ರೂಪಾಯಿ ಕಳಿಸಿಕೊಳ್ಳಲಿ; ಕಳಿಸುವಾಗ ಪಿನ್ ಬೇಕು, ಬರುವ ಹಣಕ್ಕೆ ಬೇಡ ಎಂಬುದು ಹಾಗೆ ಮಾಡಿದಾಗಲೇ ಗಟ್ಟಿಯಾಗುತ್ತದೆ. "ಹಣ ಬರಬೇಕಾದರೆ ಪಿನ್ ಹಾಕಿ" ಎಂಬ ಕರೆ ಬಂದರೆ ಅದು ಮೋಸ ಎಂದು ಅವರೇ ಹೇಳುತ್ತಾರೆ. ಮೋಸಗಾರರ ಕಥೆಗಳನ್ನು ಮೊದಲ ದಿನವೇ ಹೇಳಿ ಕೈ ನಡುಗಿಸಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಮಾತ್ರ ಎಲ್ಲರ ನೋಟ್‌ಬುಕ್‌ನಲ್ಲಿ ಬರೆಸಿ.

ಸಹಾಯಕ್ಕೆ ಕಾಲೇಜು ಹುಡುಗರು ಬರುವುದಾದರೆ ಮೂರು ನಾಲ್ಕು ಹಿರಿಯರಿಗೆ ಒಬ್ಬರಿರಲಿ. ಅವರಿಗೊಂದು ಷರತ್ತು: ಬಾಯಲ್ಲಿ ಎಷ್ಟು ಬೇಕಾದರೂ ಹೇಳಲಿ, ಹಿರಿಯರ ಫೋನ್ ಮುಟ್ಟುವಂತಿಲ್ಲ. ಬರುವವರಿಗೂ ಮುಂಚೆಯೇ ತಿಳಿಸಿ, ಅವರವರದೇ ಫೋನ್ ಚಾರ್ಜ್ ಮಾಡಿ ತರಲಿ, ಜೊತೆಗೆ ಓದುವ ಕನ್ನಡಕ.