ಹುಣಸಗಿಯ ಗಿರಣಿಗೊಂದು ಕರೆಂಟಿನ ಲೆಕ್ಕ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಹುಣಸಗಿ, ಸುರಪುರ, ಶಹಾಪುರ ಸೀಮೆಯ ಬೆಳೆಯೇ ಬದಲಾಯಿತು. ಜೋಳ, ಸಜ್ಜೆಯ ಹೊಲಕ್ಕೆ ಭತ್ತ ಬಂತು. ಭತ್ತದ ಹಿಂದೆ ಅಕ್ಕಿ ಗಿರಣಿ, ಹತ್ತಿಯ ಹಿಂದೆ ಜಿನ್ನಿಂಗ್ ಕಾರ್ಖಾನೆ ಬಂದವು. ಇಂಥ ಸಣ್ಣ ಗಿರಣಿ ಅಂದ್ರೆ ಒಬ್ಬ ಮಾಲೀಕರು, ಒಬ್ಬ ಆಪರೇಟರ್, ಕರೆದಾಗ ಬರುವ ಎಲೆಕ್ಟ್ರಿಷಿಯನ್, ನಾಲ್ಕಾರು ಹಮಾಲರು, ಇಷ್ಟೇ. ತಿಂಗಳಿಗೊಮ್ಮೆ ಜೆಸ್ಕಾಂ ಬಿಲ್ ಬರುತ್ತದೆ, ಕಟ್ಟುತ್ತಾರೆ. ಆ ಬಿಲ್ಲಿನಲ್ಲಿ ಎಷ್ಟು ಪಾಲು ಅಕ್ಕಿಯಾಯಿತು, ಎಷ್ಟು ಪಾಲು ಸುಮ್ಮನೆ ಬಿಸಿಯಾಗಿ ಹೋಯಿತು ಅಂತ ಕೂತು ನೋಡುವವರು ಕಡಿಮೆ. ಆ ಕೆಲಸ ನಮ್ಮಂಥ ವಿದ್ಯಾರ್ಥಿಗಳಿಂದ ಆಗುತ್ತದೆಯೇ? ಆಗುತ್ತದೆ. ಹೇಗೆ ಅನ್ನೋದೇ ಈ ಪಾಠ.

ಕಾಲೇಜೇ ಯಾಕೆ?

ನಮ್ಮಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆ ಇದೆ. ಅದರಡಿ 2002ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ, ಅಂದ್ರೆ ಬಿಇಇ, ಶುರುವಾಯಿತು. ಸಿಮೆಂಟು, ಉಕ್ಕಿನಂಥ ಹೆಚ್ಚು ಇಂಧನ ಸುಡುವ ದೊಡ್ಡ ಕಾರ್ಖಾನೆಗಳು ಕಡ್ಡಾಯವಾಗಿ ಆಡಿಟ್ ಮಾಡಿಸಬೇಕು. ಸಣ್ಣ ಗಿರಣಿಗೆ ಆ ಕಡ್ಡಾಯವಿಲ್ಲ. ಬಿಇಇ ಸಣ್ಣ ಉದ್ಯಮಗಳ ಯೋಜನೆಯಲ್ಲಿ ವಾರಂಗಲ್, ವೆಲ್ಲೂರು, ಗಂಜಾಂನ ಅಕ್ಕಿ ಗಿರಣಿಗಳನ್ನು ಅಧ್ಯಯನಕ್ಕೆ ತೆಗೆದುಕೊಂಡಿತ್ತು. ಆದರೆ ಒಂದೊಂದೇ ಗಿರಣಿಯ ಬಾಗಿಲಿಗೆ ಹೋಗುವವರು ಬೇಕಲ್ಲ? ಸಲಹೆಗಾರರನ್ನು ಕರೆಸಿದರೆ ಉಳಿತಾಯದ ದೊಡ್ಡ ಪಾಲು ಅವರ ಫೀಜಿಗೇ ಹೋದೀತು ಎಂಬ ಅಳುಕು ಮಾಲೀಕರಿಗೆ.

ಅಮೆರಿಕದಲ್ಲಿ ಈ ತೊಡಕಿಗೆ 1976ರಲ್ಲೇ ಒಂದು ದಾರಿ ಹುಡುಕಿದರು. ಸರ್ಕಾರದ ಹಣದಲ್ಲಿ ವಿಶ್ವವಿದ್ಯಾಲಯಗಳೊಳಗೆ ಕೇಂದ್ರಗಳನ್ನು ತೆರೆದರು. ಒಬ್ಬ ಪ್ರಾಧ್ಯಾಪಕರು, ಜೊತೆಗೆ ವಿದ್ಯಾರ್ಥಿಗಳ ಒಂದು ತಂಡ. ಸಣ್ಣ, ಮಧ್ಯಮ ಕಾರ್ಖಾನೆಗೆ ಹೋಗಿ ಅಳತೆ ಮಾಡಿ, ಪುಕ್ಕಟೆ ವರದಿ ಕೊಡುವುದು. ಮುಂದೆ ಇವಕ್ಕೆ ಇಂಡಸ್ಟ್ರಿಯಲ್ ಅಸೆಸ್‌ಮೆಂಟ್ ಸೆಂಟರ್ ಎಂಬ ಹೆಸರು ಬಂತು. ಹೀಗೆ ಆದ ತಪಾಸಣೆಗಳ ಸಂಖ್ಯೆ 20,000 ದಾಟಿದೆ. ಕಾರ್ಖಾನೆಗೆ ಉಳಿತಾಯ, ವಿದ್ಯಾರ್ಥಿಗೆ ನಿಜವಾದ ಯಂತ್ರದ ಮುಂದೆ ನಿಂತ ಅನುಭವ. ಒಂದು ಮಾತು ನೆನಪಿರಲಿ: ನಾವು ಮಾಡುವುದು ಕಾಯ್ದೆಯ ಆಡಿಟ್ ಅಲ್ಲ. ಅದಕ್ಕೆ ಬಿಇಇ ಪರೀಕ್ಷೆ ಪಾಸಾದ ಅರ್ಹ ಆಡಿಟರ್ ಬೇಕು. ನಮ್ಮದು ತಪಾಸಣೆ, ಅದೂ ಪ್ರಾಧ್ಯಾಪಕರ ಜೊತೆಗೆ.

ಮೊದಲು ಬಿಲ್, ಆಮೇಲೆ ಮೀಟರು

ಗಿರಣಿಗೆ ಹೋಗುವ ಮುಂಚೆ 12 ತಿಂಗಳ ಬಿಲ್ ಕೇಳಿ ತರಬೇಕು. ಜೊತೆಗೆ ಪ್ರತಿ ತಿಂಗಳು ಎಷ್ಟು ಕ್ವಿಂಟಲ್ ಭತ್ತ ಗಿರಣಿಗೆ ಬಿತ್ತು ಅನ್ನೋ ಲೆಕ್ಕವೂ ಬೇಕು. ಎರಡನ್ನೂ ಒಂದು ಗ್ರಾಫಿನಲ್ಲಿಡಿ: ಅಡ್ಡಕ್ಕೆ ಕ್ವಿಂಟಲ್, ಉದ್ದಕ್ಕೆ ಯೂನಿಟ್.

ಲೆಕ್ಕಕ್ಕೆ ಹೀಗೆ ಹಿಡಿಯೋಣ. 1,000 ಕ್ವಿಂಟಲ್ ಅರೆದ ತಿಂಗಳು 5,000 ಯೂನಿಟ್, 2,000 ಕ್ವಿಂಟಲ್ ಅರೆದ ತಿಂಗಳು 8,500 ಯೂನಿಟ್. ಹೆಚ್ಚಿನ 1,000 ಕ್ವಿಂಟಲಿಗೆ 3,500 ಯೂನಿಟ್, ಅಂದ್ರೆ ಕ್ವಿಂಟಲಿಗೆ 3.5. ಆ ಲೆಕ್ಕದಲ್ಲಿ ಮೊದಲ ತಿಂಗಳು 3,500 ಆಗಬೇಕಿತ್ತು, ಆದದ್ದು 5,000. ಉಳಿದ 1,500 ಯೂನಿಟ್ ಒಂದು ಕಾಳು ಭತ್ತ ಬೀಳದಿದ್ದರೂ ಹೋಗುವಂಥದ್ದು. ಖಾಲಿ ಓಡುವ ಎಲಿವೇಟರ್, ಬ್ಲೋವರ್, ಹಗಲಲ್ಲೂ ಉರಿಯುವ ದೀಪ ಎಲ್ಲ ಇದರೊಳಗಿವೆ. ಎರಡೇ ಬಿಂದು ಸಾಲದು, 12 ಬಿಂದುವಿಗೂ ಹೊಂದುವ ಗೆರೆ ಎಳೆಯಬೇಕು. ಬಿಲ್ಲಿನ ತಾರೀಖು, ರಿಜಿಸ್ಟರಿನ ತಾರೀಖು ಹೊಂದಿಸಿಕೊಳ್ಳದಿದ್ದರೆ ಗೆರೆ ಸುಳ್ಳು ಹೇಳುತ್ತದೆ.

ಮೋಟಾರಿನ ಮುಂದೆ

ಅಳತೆಗೆ ಸುಗ್ಗಿಯೇ ಸರಿಯಾದ ಕಾಲ. ಗಿರಣಿ ಪೂರ್ತಿ ಓಡುವ ದಿನ ಅಳೆಯಬೇಕು. ನಮ್ಮ ಪರೀಕ್ಷೆಯೂ ಅದೇ ಹೊತ್ತಿಗೆ ಬಂದೀತು, ಆದ್ದರಿಂದ ಬಿಲ್ಲಿನ ಕೆಲಸ ಮೊದಲೇ ಮುಗಿಸಿ, ಅಳತೆಗೆ ಎರಡು ದಿನ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು. ಚಾಲೂ ಇರುವ ಪ್ಯಾನೆಲನ್ನು ನಾವು ತೆರೆಯಬಾರದು. ಮೀಟರ್ ಹಾಕುವುದು ಗಿರಣಿಯ ಎಲೆಕ್ಟ್ರಿಷಿಯನ್ ಕೆಲಸ. ಬೆಲ್ಟಿನ ಹತ್ತಿರ ಸಡಿಲ ಬಟ್ಟೆ, ಓಡ್ನಿ ಬೇಡ.

ಬರೀ ಆಂಪಿಯರ್ ನೋಡಿ ಮೋಟಾರಿನ ಲೋಡ್ ಹೇಳಬಾರದು. ಲೋಡ್ ಕಡಿಮೆಯಾದಾಗ ಪವರ್ ಫ್ಯಾಕ್ಟರ್ ಬೀಳುತ್ತದೆ, ಆಂಪಿಯರ್ ಮಾತ್ರ ಅಷ್ಟು ಇಳಿಯುವುದಿಲ್ಲ. ಕಿಲೋವ್ಯಾಟ್ ತೋರಿಸುವ ಪವರ್ ಮೀಟರೇ ಬೇಕು. ಉದಾಹರಣೆಗೆ 30 ಕಿಲೋವ್ಯಾಟಿನ ಮೋಟಾರು, ದಕ್ಷತೆ ಶೇ 90. ಪೂರ್ತಿ ಲೋಡಿಗೆ ಅದು ಎಳೆಯುವುದು 33.3 ಕಿಲೋವ್ಯಾಟ್. ಮೀಟರು 14 ತೋರಿಸಿದರೆ ಲೋಡು ಸುಮಾರು ಶೇ 42. ಹಾಗಂತ ನಾಳೆಯೇ ಬದಲಿಸಿ ಅನ್ನಬೇಡಿ. ಸುಟ್ಟು ರಿವೈಂಡಿಂಗಿಗೆ ಹೋಗುವ ದಿನ, ಅದರ ಬದಲು ಅಳತೆಗೆ ಸರಿಯಾದ ಹೊಸ ದಕ್ಷ ಮೋಟಾರು ಹಾಕಿ ಎಂದು ಬರೆದಿಟ್ಟರೆ ಆ ಸಲಹೆ ನಡೆಯುತ್ತದೆ.

ಬ್ಲೋವರಿನ ಡ್ಯಾಂಪರ್ ಸದಾ ಅರ್ಧ ಮುಚ್ಚಿದ್ದರೆ ಗಾಳಿ ಬೇಕಾದ್ದಕ್ಕಿಂತ ಹೆಚ್ಚಿದೆ ಎಂದರ್ಥ. ಫ್ಯಾನಿನ ವಿದ್ಯುತ್ತು ವೇಗದ ಘನಕ್ಕೆ ಅನುಗುಣ. ಪುಲ್ಲಿ ಬದಲಿಸಿ ವೇಗವನ್ನು ಶೇ 10 ಇಳಿಸಿದರೆ 0.9ರ ಘನ 0.729, ಅಂದ್ರೆ ಸುಮಾರು ಶೇ 27 ಉಳಿತಾಯ. ಖರ್ಚು ಒಂದು ಪುಲ್ಲಿ, ಒಂದು ಬೆಲ್ಟು.

ಆದರೆ ಇಲ್ಲೇ ಎಚ್ಚರ ಬೇಕು. ಆ ಬ್ಲೋವರ್ ಹೊಟ್ಟು ಬೇರೆ ಮಾಡುವುದೋ, ಧೂಳು ಎಳೆಯುವುದೋ? ಧೂಳು ಎಳೆಯುವ ಫ್ಯಾನನ್ನು ಇಳಿಸಿದರೆ ಯೂನಿಟ್ ಉಳಿಯುತ್ತದೆ, ಧೂಳು ಹಮಾಲರ ಎದೆಗೆ ಹೋಗುತ್ತದೆ. ಅದು ಉಳಿತಾಯವಲ್ಲ, ಖರ್ಚನ್ನು ಬಿಲ್ಲಿನಿಂದ ತೆಗೆದು ಬೇರೆಯವರ ಮೈಮೇಲೆ ಹಾಕಿದ್ದು. "ಇದನ್ನು ಯಾಕ್ ಹಿಂಗ ಓಡಸ್ತೀರಿ ಅಣ್ಣಾ?" ಎಂದು ಆಪರೇಟರನ್ನು ಕೇಳದೆ ಒಂದೂ ಸಲಹೆ ಬರೆಯಬಾರದು. ವರ್ಷಗಟ್ಟಲೆ ಆ ಸದ್ದು ಕೇಳಿದವರು ಅವರು.

ಕೆಪಾಸಿಟರ್ ಏನು ಉಳಿಸುತ್ತದೆ?

60 ಕಿಲೋವ್ಯಾಟ್ ಲೋಡು, ಪವರ್ ಫ್ಯಾಕ್ಟರ್ 0.75 ಇದ್ದರೆ 80 ಕೆವಿಎ. ಅದನ್ನು 0.95ಕ್ಕೆ ಏರಿಸಿದರೆ ಸುಮಾರು 63 ಕೆವಿಎ. ಬೇಕಾದ ಕೆಪಾಸಿಟರ್ ಸುಮಾರು 33 ಕೆವಿಎಆರ್. ಇದರಿಂದ ಯೂನಿಟ್ ಅರ್ಧಕ್ಕಿಳಿಯುತ್ತದೆ ಅಂತ ಮಾರುವವರು ಹೇಳಿದರೆ ನಂಬಬೇಡಿ. ಇಳಿಯುವುದು ಕೆವಿಎ ಮತ್ತು ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಬರುತ್ತಿದ್ದರೆ ಆ ದಂಡ. ಕೇಬಲ್ಲಿನ ನಷ್ಟ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಹೊಟ್ಟು ಪುಕ್ಕಟೆಯಲ್ಲ

ಭತ್ತ ಬೇಯಿಸುವ ಗಿರಣಿಯಾದರೆ ಬಾಯ್ಲರ್ ಇರುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು, ಅದನ್ನೇ ಸುಡುತ್ತಾರೆ. ಮನೆಯದೇ ಹೊಟ್ಟು ಅಂತ ಲೆಕ್ಕ ಇಡುವುದಿಲ್ಲ. ಸುಡದೆ ಉಳಿದ ಹೊಟ್ಟು ಮಾರಾಟವಾಗುತ್ತದೆ ಎಂದ ಮೇಲೆ ಸುಟ್ಟದ್ದಕ್ಕೂ ಅದೇ ಬೆಲೆ. ನೆನಪಿಡಬೇಕಾದ ಎರಡು ಸೂತ್ರ: ಚಿಮಣಿಯ ಹೊಗೆಯ ತಾಪ 22 ಡಿಗ್ರಿ ಸೆಲ್ಸಿಯಸ್ ಇಳಿದರೆ ಬಾಯ್ಲರ್ ದಕ್ಷತೆ ಸುಮಾರು ಶೇ 1 ಏರುತ್ತದೆ, ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಬಿಸಿಯಾಗಿ ಹೋದರೆ ಸುಮಾರು ಶೇ 1 ಇಂಧನ ಉಳಿಯುತ್ತದೆ. ಬಟ್ಟೆ ಸುತ್ತಿದ ಅಥವಾ ಬತ್ತಲೆ ಬಿಟ್ಟ ಸ್ಟೀಮ್ ಪೈಪು ಕಂಡರೆ ಮೊದಲು ಅದನ್ನು ಬರೆದುಕೊಳ್ಳಿ.

ವರದಿ ಯಾರಿಗೆ?

ನಮ್ಮ ವರದಿ ಸೆಮಿನಾರಿಗಲ್ಲ, ಮಾಲೀಕರಿಗೆ. ಅವರಿಗೆ ಬೇಕಾದ್ದು ಮೂರೇ ಸಂಖ್ಯೆ: ಖರ್ಚೆಷ್ಟು, ವರ್ಷಕ್ಕೆ ಉಳಿತಾಯವೆಷ್ಟು, ಹಾಕಿದ ಹಣ ಎಷ್ಟು ತಿಂಗಳಲ್ಲಿ ವಾಪಸು. ಹೀಗೆ ಬರೆಯಿರಿ: "ಊಟದ ಹೊತ್ತಿಗೆ ಖಾಲಿ ಓಡುವ ಎಲಿವೇಟರ್ 5 ಕಿಲೋವ್ಯಾಟ್, ದಿನಕ್ಕೆ 2 ತಾಸು, ವರ್ಷಕ್ಕೆ 200 ದಿನ, ಒಟ್ಟು 2,000 ಯೂನಿಟ್. ಯೂನಿಟಿಗೆ 8 ರೂಪಾಯಿ ಹಿಡಿದರೆ 16,000 ರೂಪಾಯಿ. ಖರ್ಚು: ಏನೂ ಇಲ್ಲ." ಖರ್ಚಿಲ್ಲದ ಸಲಹೆ ಮೊದಲು, ಯಂತ್ರ ಕೊಳ್ಳುವ ಸಲಹೆ ಕೊನೆಗೆ. ವರದಿ ಕನ್ನಡದಲ್ಲಿರಲಿ, ಆಪರೇಟರ್ ಕೈಗೂ ಒಂದು ಪ್ರತಿ ಸಿಗಲಿ. ಗಿರಣಿಯ ಲೆಕ್ಕ ಬೇರೆ ಗಿರಣಿಗೆ ಹೋಗಬಾರದು. ಬಿಲ್ಲು ಅವರ ವ್ಯಾಪಾರದ ಗುಟ್ಟು.

ಅಮೆರಿಕದ ಕೇಂದ್ರಗಳು ವರದಿ ಕೊಟ್ಟು ಸುಮ್ಮನಾಗುವುದಿಲ್ಲ. ಯಾವ ಸಲಹೆ ಜಾರಿಯಾಯಿತು, ಯಾವುದು ಆಗಲಿಲ್ಲ ಎಂದು ಮತ್ತೆ ಕೇಳಿ ದಾಖಲಿಸುತ್ತವೆ. ನಾವೂ ಮುಂದಿನ ಸುಗ್ಗಿಗೆ ಹೋಗಿ ಅದೇ ಮೋಟಾರಿಗೆ ಅದೇ ಮೀಟರ್ ಹಾಕಿಸಬೇಕು. ಆಗ ಮಾತ್ರ ನಮ್ಮ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಗೆಳೆಯರೇ, ನಮ್ಮಲ್ಲಿ ಹುಣಸಗಿ, ಕೆಂಭಾವಿ, ಸುರಪುರದ ಕಡೆಯವರಿದ್ದೀರಿ. ಗಿರಣಿ ನಡೆಸುವವರು ನಿಮ್ಮ ಪೈಕಿಯವರೋ, ಪರಿಚಯದವರೋ ಇರುತ್ತಾರೆ. ಮುಂದಿನ ರಜೆಗೆ ಊರಿಗೆ ಹೋದಾಗ ಕೇಳಬೇಕಾದ್ದು ಇಷ್ಟೇ: "ಕಾಕಾ, ಹೋದ ವರ್ಷದ 12 ಬಿಲ್ ಕೊಡ್ರಿ, ಫೋಟೋ ತಗೊಂಡು ವಾಪಸ್ ಕೊಡ್ತೀವಿ."