ಸೊಂಬೋರಿನ ನಿಕೋಲಾ ಯೋಕಿಚ್: ಒಂದು ಕ್ರೀಡಾಜೀವನದ ಅಧ್ಯಯನ

ಪ್ರತಿ ವರ್ಷ ಶ್ರಾವಣಮಾಸದ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಾಲಾ ಬಯಲುಗಳಲ್ಲಿ ಒಂದೇ ಬಗೆಯ ದೃಶ್ಯವನ್ನು ಕಾಣಬಹುದು. ತಾಲೂಕು ಕ್ರೀಡಾಕೂಟಕ್ಕೆ ತಂಡಗಳನ್ನು ಆರಿಸುವ ಕಾಲವದು. ಹುಡುಗರು ಸಾಲಾಗಿ ನಿಲ್ಲುತ್ತಾರೆ. ಶಿಕ್ಷಕರು ಸಾಲಿನ ಮೇಲೆ ಕಣ್ಣಾಡಿಸಿ ಓಟದಲ್ಲಿ ಚುರುಕಾದವನನ್ನು, ಜಿಗಿತದಲ್ಲಿ ಮುಂದಾದವನನ್ನು ಈಚೆಗೆ ಕರೆಯುತ್ತಾರೆ. ಉಳಿದವರು ಸುಣ್ಣದ ಗೆರೆ ಎಳೆಯಲು, ನೀರಿನ ಕೊಡ ತರಲು, ಆಡುವವರ ಅಂಗಿ-ಚಪ್ಪಲಿ ಕಾಯಲು ನಿಯುಕ್ತರಾಗುತ್ತಾರೆ.

ಈ ಲೇಖಕನೂ ಅನೇಕ ವರ್ಷ ಹೀಗೆಯೇ ಆರಿಸಿದವನು. ಹಿಂದೆ ಸೇವೆ ಸಲ್ಲಿಸಿದ ಒಂದು ಶಾಲೆಯಲ್ಲಿ ದಪ್ಪ ಮೈಯ ಹುಡುಗನೊಬ್ಬನನ್ನು ಮೂರು ವರ್ಷವೂ ವಾಲಿಬಾಲ್ ತಂಡದಿಂದ ಹೊರಗಿಟ್ಟದ್ದುಂಟು. ಅವನು ಗೆರೆಯಾಚೆ ನಿಂತು, ಚೆಂಡು ಎಲ್ಲಿ ಬೀಳುವುದೆಂಬುದನ್ನು ಅದು ಬೀಳುವ ಮೊದಲೇ ಕೂಗಿ ಹೇಳುತ್ತಿದ್ದ. ಗದ್ದಲ ಮಾಡಬೇಡವೆಂದು ಗದರಿಸಿದೆನೇ ಹೊರತು, ಆ ಕೂಗಿನಲ್ಲಿಯೂ ಒಂದು ವಿದ್ಯೆ ಅಡಗಿದೆಯೆಂಬುದು ನನಗೆ ಹೊಳೆಯಲಿಲ್ಲ. ಸರ್ಬಿಯಾ ದೇಶದ ಬಾಸ್ಕೆಟ್‌ಬಾಲ್ ಪಟು ನಿಕೋಲಾ ಯೋಕಿಚ್ ಅವರ ಜೀವನಕ್ರಮವನ್ನು ಅಭ್ಯಸಿಸುವಾಗ ಆ ಹುಡುಗನ ನೆನಪು ಮರಳಿ ಮರಳಿ ಬಂದಿತು. ಆದುದರಿಂದ ಈ ಲೇಖನವು ವಿದ್ಯಾರ್ಥಿಗಳಿಗೆ ಎಷ್ಟು ಪಾಠವೋ, ನನ್ನಂಥ ಶಿಕ್ಷಕರಿಗೂ ಅಷ್ಟೇ ಪಾಠ.

ಆಟದ ಸ್ವರೂಪ

ಬಾಸ್ಕೆಟ್‌ಬಾಲ್ ಆಟವು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜನ್ಮತಾಳಿತು. ಹಿಮ ಬೀಳುವ ಚಳಿಗಾಲದಲ್ಲಿ ವಿದ್ಯಾರ್ಥಿಗಳು ಸೂರಿನಡಿಯಲ್ಲಿಯೇ ಆಡಬಹುದಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಅವುಗಳೊಳಗೆ ಚೆಂಡನ್ನು ಎಸೆಯುವ ಆಟವನ್ನು ರೂಪಿಸಿದರು. ಇಂದು ಅಂತರರಾಷ್ಟ್ರೀಯ ನಿಯಮದಂತೆ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಬುಟ್ಟಿಯ ಕಬ್ಬಿಣದ ಬಳೆ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ಒಂದೊಂದು ತಂಡದಿಂದ ಐವರು ಆಡುತ್ತಾರೆ. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ. ನೆಲಕ್ಕೆ ಪುಟಿಸುತ್ತ ಸಾಗಬೇಕು, ಇಲ್ಲವೇ ಜೊತೆಗಾರನಿಗೆ ದಾಟಿಸಬೇಕು.

ಆಟಗಾರನ ಸಾಧನೆಯನ್ನು ಮುಖ್ಯವಾಗಿ ಮೂರು ಲೆಕ್ಕಗಳಿಂದ ಅಳೆಯುವುದು ರೂಢಿ. ತಾನು ಗಳಿಸಿದ ಅಂಕಗಳು ಮೊದಲನೆಯವು. ಗುರಿ ತಪ್ಪಿ ಹಿಂಪುಟಿದ ಚೆಂಡನ್ನು ವಶಪಡಿಸಿಕೊಂಡದ್ದು ಎರಡನೆಯದು. ಇದಕ್ಕೆ ರಿಬೌಂಡ್ ಎನ್ನುತ್ತಾರೆ. ಜೊತೆಗಾರನು ಅಂಕ ಗಳಿಸುವಂತೆ ಚೆಂಡನ್ನು ಒದಗಿಸಿಕೊಟ್ಟದ್ದು ಮೂರನೆಯದು. ಇದರ ಹೆಸರು ಅಸಿಸ್ಟ್. ಒಂದೇ ಪಂದ್ಯದಲ್ಲಿ ಈ ಮೂರೂ ಲೆಕ್ಕಗಳು ಹತ್ತನ್ನು ಮುಟ್ಟಿದರೆ ಅದನ್ನು ಟ್ರಿಪಲ್ ಡಬಲ್ ಎಂದು ಕರೆಯುತ್ತಾರೆ. ಮೂರನೆಯ ಲೆಕ್ಕವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನದಲ್ಲಿಡಬೇಕು. ಯೋಕಿಚ್ ಅವರ ಹಿರಿಮೆ ಅಲ್ಲಿಯೇ ಇದೆ.

ಹೊರಗಿನ ಸಸಿ, ಹೊಸ ನೆಲ

ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಬೃಹತ್ ವೃಕ್ಷಗಳನ್ನು ನಮ್ಮ ಭಾಗದಲ್ಲಿ ನೋಡದವರು ವಿರಳ. ಅವುಗಳ ಮೂಲ ಆಫ್ರಿಕಾ ಖಂಡ. ಆದರೂ ಇಂದು ಅವು ಸವಣೂರಿನವೇ ಆಗಿವೆ. ಅಮೆರಿಕದಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲ್ ಸರ್ಬಿಯಾದಲ್ಲಿ ಬೇರುಬಿಟ್ಟದ್ದೂ ಇದೇ ಬಗೆಯಾಗಿ. ಎರಡನೆಯ ಮಹಾಯುದ್ಧದ ತರುವಾಯ ಬೆಲ್‌ಗ್ರೇಡ್ ನಗರದಲ್ಲಿ ನೆಬೋಯ್ಶಾ ಪೊಪೋವಿಚ್, ಬೋರಿಸ್ಲಾವ್ ಸ್ಟಾಂಕೋವಿಚ್, ರಾದೋಮಿರ್ ಶಾಪೆರ್, ಅಲೆಕ್ಸಾಂದರ್ ನಿಕೋಲಿಚ್ ಎಂಬ ನಾಲ್ವರು ತರುಣರು ಈ ಆಟವನ್ನು ವಿದ್ಯೆಯಂತೆ ಕಲಿತು, ವಿದ್ಯೆಯಂತೆಯೇ ಕಲಿಸಿದರು. ಇವರಲ್ಲಿ ಸ್ಟಾಂಕೋವಿಚ್ ಪಶುವೈದ್ಯ ಪದವೀಧರರು. ಮುಂದೆ 1976ರಿಂದ 2002ರವರೆಗೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ಮಹಾಕಾರ್ಯದರ್ಶಿಗಳಾಗಿದ್ದರು.

ಆಗ ಸರ್ಬಿಯಾವು ಯುಗೋಸ್ಲಾವಿಯಾ ಒಕ್ಕೂಟದ ಒಂದು ಅಂಗವಾಗಿತ್ತು. ಯುಗೋಸ್ಲಾವಿಯಾ 1970ರಲ್ಲಿ ಲ್ಯೂಬ್ಲಿಯಾನಾ ನಗರದಲ್ಲಿ ವಿಶ್ವವಿಜೇತವಾಯಿತು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತು. ಅದೇ ಕೂಟದಲ್ಲಿ ನಮ್ಮ ಭಾರತದ ಪುರುಷರ ತಂಡವೂ ಆಡಿತ್ತೆಂಬುದು ಸ್ಮರಣೀಯ. 1989ರಲ್ಲಿ ಸರ್ಬಿಯಾದ ವ್ಲಾದೆ ದಿವಾಟ್ಸ್ ಅಮೆರಿಕದ ಲಾಸ್ ಏಂಜಲೀಸ್ ತಂಡವನ್ನು ಸೇರಿ, ಅಲ್ಲಿಯ ವೃತ್ತಿಪರ ಕ್ರೀಡಾಂಗಣಕ್ಕೆ ತಮ್ಮ ನಾಡಿನವರಿಗೆ ದಾರಿ ತೆರೆದರು. 1991ರ ನಂತರ ಒಕ್ಕೂಟವು ಯುದ್ಧದಲ್ಲಿ ಒಡೆದುಹೋಯಿತು. ಸಂಯುಕ್ತ ರಾಷ್ಟ್ರಸಂಘದ ನಿರ್ಬಂಧಗಳ ಕಾರಣ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆಡಲಾಗಲಿಲ್ಲ. ನಾಡು ಕುಗ್ಗಿತು; ಆದರೆ ಊರೂರಿನ ಅಂಕಣಗಳಲ್ಲಿ ಆಟ ಕಲಿಸುವ ಪರಂಪರೆ ನಿಲ್ಲಲಿಲ್ಲ.

ಬಾಲ್ಯ: ಜೋಳದ ಸೀಮೆ, ಕುದುರೆಯ ಮೋಹ

ನಿಕೋಲಾ ಯೋಕಿಚ್ 1995ನೆಯ ಫೆಬ್ರವರಿ 19ರಂದು ಸರ್ಬಿಯಾದ ಉತ್ತರಭಾಗದ ಸೊಂಬೋರ್ ಎಂಬ ಪಟ್ಟಣದಲ್ಲಿ ಜನಿಸಿದರು. ಅದು ಹಂಗೇರಿಯ ಗಡಿಗೆ ಸಮೀಪದ ಸಮತಟ್ಟಾದ ಕೃಷಿಪ್ರದೇಶ. ಗೋವಿನಜೋಳ, ಗೋಧಿ, ಸೂರ್ಯಕಾಂತಿ ಅಲ್ಲಿಯ ಬೆಳೆಗಳು. ಹಿರೇಕೆರೂರಿನ ಹುಡುಗನನ್ನು ಭಾದ್ರಪದದಲ್ಲಿ ಅಲ್ಲಿ ಒಯ್ದು ನಿಲ್ಲಿಸಿದರೆ, ಆಳೆತ್ತರದ ಜೋಳದ ಹೊಲಗಳನ್ನು ಕಂಡು ತನ್ನ ಊರೆಂದೇ ಒಂದು ಗಳಿಗೆ ಭ್ರಮಿಸಿಯಾನು. ತಂದೆ ಕೃಷಿ ಎಂಜಿನಿಯರ್. ಇಬ್ಬರು ಅಣ್ಣಂದಿರು, ಅಜ್ಜಿ, ತಂದೆ-ತಾಯಿ ಎಲ್ಲರೂ ಚಿಕ್ಕ ಮನೆಯೊಂದರಲ್ಲಿ ಕೂಡಿ ಬಾಳಿದರು. ನಿಕೋಲಾ ನಾಲ್ಕು ವರ್ಷದ ಬಾಲಕನಾಗಿದ್ದಾಗ, 1999ರಲ್ಲಿ, ಆ ದೇಶದ ಮೇಲೆ 78 ದಿನಗಳ ಕಾಲ ವಿಮಾನದಾಳಿ ನಡೆಯಿತು. ಸೈರನ್ನಿನ ಕೂಗು ಮತ್ತು ಕತ್ತಲೆ ಆ ಮಕ್ಕಳ ಬಾಲ್ಯದ ನೆನಪುಗಳಾದವು.

ಇದೇ ಸೊಂಬೋರಿನಲ್ಲಿ 1938ರಲ್ಲಿ ಜನಿಸಿದ ರಾದಿವೋಯ್ ಕೊರಾಚ್, 1965ರಲ್ಲಿ ಯುರೋಪಿನ ಪಂದ್ಯವೊಂದರಲ್ಲಿ ಒಬ್ಬರೇ 99 ಅಂಕ ಗಳಿಸಿದ ಪ್ರಚಂಡ ಆಟಗಾರರು. ಆದರೆ ಬಾಲಕ ನಿಕೋಲಾನ ಮನಸ್ಸನ್ನು ಮೊದಲು ಸೆಳೆದದ್ದು ಬಾಸ್ಕೆಟ್‌ಬಾಲ್ ಮಾತ್ರವಲ್ಲ, ಕುದುರೆ. ಎರಡು ಗಾಲಿಯ ಹಗುರವಾದ ಬಂಡಿಗೆ ಕುದುರೆ ಕಟ್ಟಿ ಓಡಿಸುವ ಪಂದ್ಯಗಳು ಆ ಊರಿನಲ್ಲಿ ಜನಪ್ರಿಯ. ದೀಪಾವಳಿಯ ನಂತರ ನಮ್ಮ ಸೀಮೆಯಲ್ಲಿ ನಡೆಯುವ ಕೊಬ್ಬರಿ ಹೋರಿಯ ಹಬ್ಬವನ್ನು ಬಲ್ಲವರಿಗೆ ಈ ಮೋಹವನ್ನು ವಿವರಿಸಬೇಕಾಗಿಲ್ಲ. ಹೋರಿಗೆ ಹೆಸರಿಟ್ಟು ಮನೆಯ ಮಗನಂತೆ ಸಾಕುವ ಜನ ನಮ್ಮವರು. ಆ ಬಂಡಿಪಂದ್ಯದಲ್ಲಿ ಕುದುರೆಯು ದುಡುಕಿನ ಓಟದಲ್ಲಿಯೇ ಓಡಬೇಕು. ಹಿಡಿತ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಅದು ದೋಷ. ವೇಗಕ್ಕಿಂತ ನಡೆಯ ಹದ ದೊಡ್ಡದೆಂಬ ಈ ಪಾಠವನ್ನು ಯೋಕಿಚ್ ಅಲ್ಲಿಯೇ ಕಲಿತರೋ ಏನೋ ಎಂದು ನನಗೆ ಅನೇಕ ಸಲ ಅನಿಸಿದೆ.

ಪತ್ರಿಕೆಯ ಮೂಲೆಯ ಅಂಕಿಗಳು

ಹದಿನೇಳರ ಹರೆಯದಲ್ಲಿ ಯೋಕಿಚ್ ಎತ್ತರದ, ಆದರೆ ಬೊಜ್ಜುಮೈಯ ಹುಡುಗ. ಸಿಹಿ ಪಾನೀಯಗಳ ಚಟ ವಿಪರೀತ. ಓಟ ನಿಧಾನ, ಜಿಗಿತ ಅಲ್ಪ. ನಮ್ಮ ಸಾಲಿನಲ್ಲಿ ನಿಂತಿದ್ದರೆ ಸುಣ್ಣದ ಗೆರೆ ಎಳೆಯುವ ಕೆಲಸವೇ ಗತಿಯಾಗುತ್ತಿತ್ತು. ಆದರೆ ಮಿಶ್ಕೊ ರಝ್ನಾತೋವಿಚ್ ಎಂಬ ಕ್ರೀಡಾ ಪ್ರತಿನಿಧಿ ಒಂದು ದಿನ ಪತ್ರಿಕೆಯಲ್ಲಿ ಕಿರಿಯರ ಪಂದ್ಯಗಳ ವರದಿಯನ್ನು ಓದುತ್ತಿದ್ದಾಗ ಈ ಅಪರಿಚಿತ ಹೆಸರಿನ ಮುಂದಿದ್ದ ಅಸಾಧಾರಣ ಅಂಕಿಗಳನ್ನು ಕಂಡರು. ಹುಡುಗನ ಮೈಕಟ್ಟನ್ನು ಅವರು ಆಗ ನೋಡಿರಲಿಲ್ಲ. ನೋಡಿದ್ದು ಅವನ ಕೆಲಸದ ಲೆಕ್ಕವನ್ನು ಮಾತ್ರ. 2012ರಲ್ಲಿ ಯೋಕಿಚ್ ಬೆಲ್‌ಗ್ರೇಡಿನ ಮೇಗಾ ಕ್ಲಬ್ಬಿಗೆ ಸೇರಿದರು.

ವಿದ್ಯಾರ್ಥಿಗಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಯಾವುದೋ ಸಣ್ಣ ಊರಿನ ಅಂಕಣದ ಬದಿಯಲ್ಲಿ ಯಾರೋ ಒಬ್ಬರು ಕುಳಿತು, ಯಾವ ಹುಡುಗ ಎಷ್ಟು ಅಂಕ ಗಳಿಸಿದ, ಎಷ್ಟು ಚೆಂಡು ಹಿಡಿದ ಎಂಬುದನ್ನು ಬೇಸರವಿಲ್ಲದೆ ಬರೆದಿಟ್ಟರು. ಅವರ ಹೆಸರು ಚರಿತ್ರೆಯಲ್ಲಿಲ್ಲ. ಅವರು ಬರೆಯದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಮೇಗಾ ಕ್ಲಬ್ಬಿನ ತರಬೇತುದಾರ ದೇಯಾನ್ ಮಿಲೋಯೆವಿಚ್ ತಾವೂ ಹೆಸರಾಂತ ಆಟಗಾರರಾಗಿದ್ದವರು. ಅವರು ಈ ಹುಡುಗನ ದೌರ್ಬಲ್ಯವನ್ನು ಹಳಿಯದೆ ದೇಹವನ್ನು ಹುರಿಗೊಳಿಸಿದರು; ಎತ್ತರದವನು ಬುಟ್ಟಿಯ ಕೆಳಗೇ ನಿಲ್ಲಬೇಕೆಂಬ ಹಳೆಯ ಕಟ್ಟಳೆಯನ್ನು ಹೇರದೆ, ಚೆಂಡನ್ನು ಹಂಚುವ ಅವನ ಸಹಜ ಬುದ್ಧಿಗೆ ಅವಕಾಶವಿತ್ತರು. 2014-15ರಲ್ಲಿ ಯೋಕಿಚ್ ಏಡ್ರಿಯಾಟಿಕ್ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. ಈ ಗುರು 2024ರ ಜನವರಿಯಲ್ಲಿ, ಅಮೆರಿಕದ ತಂಡವೊಂದರ ಸಹಾಯಕ ತರಬೇತುದಾರರಾಗಿದ್ದಾಗ, 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ನಿಧನ ಹೊಂದಿದರು.

ನಲವತ್ತೊಂದನೆಯ ಹೆಸರು

ಅಮೆರಿಕದ ವೃತ್ತಿಪರ ಸಂಘವಾದ ಎನ್.ಬಿ.ಎ.ಯ ತಂಡಗಳು ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 2014ರ ಜೂನ್ 26ರಂದು ಹೀಗೆ 60 ಹೆಸರುಗಳು ಘೋಷಿತವಾದವು. ಯೋಕಿಚ್ ಅವರದು 41ನೆಯದು; ಆರಿಸಿದ್ದು ಡೆನ್ವರ್ ನಗೆಟ್ಸ್ ತಂಡ. ಆ ಗಳಿಗೆಯಲ್ಲಿ ದೂರದರ್ಶನದ ಪರದೆಯ ಮೇಲೆ ತಿಂಡಿಯಂಗಡಿಯೊಂದರ ಜಾಹೀರಾತು ನಡೆದಿತ್ತು. ಸರ್ಬಿಯಾದಲ್ಲಿ ಆಗ ನಡುರಾತ್ರಿ ಕಳೆದಿತ್ತು, ಯೋಕಿಚ್ ನಿದ್ರೆಯಲ್ಲಿದ್ದರು. ಜಗತ್ತು ಇಷ್ಟು ಅಲಕ್ಷ್ಯದಿಂದ ಬರಮಾಡಿಕೊಂಡ ಪ್ರತಿಭೆ ಅಪರೂಪ.

ಒಂದು ವರ್ಷ ತವರಿನಲ್ಲಿಯೇ ಆಡಿ, 2015ರಲ್ಲಿ ಅವರು ಡೆನ್ವರ್ ಸೇರಿದರು. ಸಿಹಿ ಪಾನೀಯವನ್ನು ಅಂದಿಗೇ ತೊರೆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸರ್ಬಿಯಾಕ್ಕೆ ಬೆಳ್ಳಿ ದೊರೆತಾಗ ಅವರು ತಂಡದಲ್ಲಿದ್ದರು. ಅದೇ ಡಿಸೆಂಬರಿನಲ್ಲಿ ತರಬೇತುದಾರ ಮೈಕಲ್ ಮಲೋನ್ ಡೆನ್ವರಿನ ಆಟವನ್ನೆಲ್ಲ ಅವರ ಸುತ್ತ ಕಟ್ಟಲು ನಿರ್ಧರಿಸಿದರು. 211 ಸೆಂಟಿಮೀಟರ್ ಎತ್ತರದ ಈ ಆಟಗಾರ ಅಂಕಣದ ನಡುವೆ ನಿಧಾನವಾಗಿ ನಿಂತು, ತನ್ನನ್ನು ಮುತ್ತಿದವರ ತಲೆಯ ಮೇಲಿಂದ, ಒಮ್ಮೊಮ್ಮೆ ಹಿಂದಿರುಗಿಯೂ ನೋಡದೆ, ಓಡಿಬರುವ ಜೊತೆಗಾರನ ಕೈಗೆ ಚೆಂಡನ್ನು ಮುಟ್ಟಿಸುವ ಪರಿ ಬೆರಗು ಹುಟ್ಟಿಸುವಂಥದು. ಇತರರು ಕಾಲಿನಿಂದ ತಲುಪುವ ಜಾಗವನ್ನು ಅವರು ಕಣ್ಣಿನಿಂದ ಮೊದಲೇ ತಲುಪಿರುತ್ತಾರೆ. 2018ರ ಫೆಬ್ರವರಿಯಲ್ಲಿ ಮಿಲ್ವಾಕಿ ತಂಡದ ವಿರುದ್ಧ ಕೇವಲ 14 ನಿಮಿಷ 33 ಸೆಕೆಂಡುಗಳಲ್ಲಿ ಟ್ರಿಪಲ್ ಡಬಲ್ ಸಾಧಿಸಿ, ಎನ್.ಬಿ.ಎ.ಯ ಹಳೆಯ ದಾಖಲೆಯನ್ನು ಅಳಿಸಿದರು.

2021ರಲ್ಲಿ ಅವರಿಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಲಭಿಸಿತು. ಆಯ್ಕೆಯ ಸರದಿಯಲ್ಲಿ ಅಷ್ಟು ಹಿಂದೆ ಬಿದ್ದವರೊಬ್ಬರು ಆ ಗೌರವ ಪಡೆದದ್ದು ಅದೇ ಮೊದಲು. 2021-22ರಲ್ಲಿ 2004 ಅಂಕ, 1019 ರಿಬೌಂಡ್, 584 ಅಸಿಸ್ಟ್ ಗಳಿಸಿ, ಒಂದೇ ಋತುವಿನಲ್ಲಿ ಎರಡು ಸಾವಿರ, ಒಂದು ಸಾವಿರ, ಐನೂರು ಎಂಬ ಮೂರು ಗಡಿಗಳನ್ನೂ ದಾಟಿದ ಪ್ರಥಮ ಆಟಗಾರರಾದರು. ಪ್ರಶಸ್ತಿ ಎರಡನೆಯ ಬಾರಿ ಬಂದಾಗ ಅದನ್ನು ಕೊಡಲು ಡೆನ್ವರಿನವರು ಸೊಂಬೋರಿಗೇ ಹೋದರು. ಯೋಕಿಚ್ ಕುದುರೆಯ ಬಂಡಿ ಓಡಿಸಿಕೊಂಡು ಲಾಯಕ್ಕೆ ಬಂದಾಗ ಅತಿಥಿಗಳು ಅಲ್ಲಿ ಕಾದು ನಿಂತಿದ್ದರು!

2023ರ ಜೂನ್ 12ರಂದು ಡೆನ್ವರ್ ತಂಡವು ಮಯಾಮಿ ತಂಡವನ್ನು 4-1ರಿಂದ ಸೋಲಿಸಿ, ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಎನ್.ಬಿ.ಎ. ವಿಜೇತವಾಯಿತು. ಆ ವರ್ಷದ ಅಂತಿಮ ಘಟ್ಟದ ಪಂದ್ಯಮಾಲೆಯಲ್ಲಿ ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲಿಯೂ ಯೋಕಿಚ್ ಅವರೇ ಅಗ್ರಗಣ್ಯರು. ಹಿಂದೆ ಯಾರೂ ಹೀಗೆ ಮಾಡಿರಲಿಲ್ಲ. ಸುತ್ತಲೂ ಸಂಭ್ರಮ ಉಕ್ಕುತ್ತಿದ್ದಾಗ ಅವರು ಹೇಳಿದ್ದು ಕೆಲಸ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಎಂಬರ್ಥದ ಮಾತನ್ನು. ಊರಿನಲ್ಲಿ ಅವರ ಕುದುರೆಯ ಪಂದ್ಯವಿತ್ತು. 2024ರಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರನೆಯ ಬಾರಿ ಒಲಿಯಿತು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ ಉಪಾಂತ್ಯದಲ್ಲಿ ಸರ್ಬಿಯಾ ಅಮೆರಿಕಕ್ಕೆ 95-91ರಿಂದ ಸೋತರೂ, ಜರ್ಮನಿಯನ್ನು ಮಣಿಸಿ ಕಂಚು ಪಡೆಯಿತು. 2024-25ರಲ್ಲಿ ಯೋಕಿಚ್ ಇಡೀ ಋತುವಿನ ಸರಾಸರಿಯಲ್ಲಿಯೇ ಟ್ರಿಪಲ್ ಡಬಲ್ ಕಾಯ್ದುಕೊಂಡರು.

ನಮಗೆ ಪಾಠ

ಈ ಚರಿತ್ರೆಯನ್ನು ಓದಿ, ದಪ್ಪ ಮೈಯ ಹುಡುಗರೆಲ್ಲ ವಿಶ್ವವಿಖ್ಯಾತರಾಗುವರೆಂದು ಬಗೆಯುವುದು ಭ್ರಮೆ. ಎತ್ತರ ಯೋಕಿಚ್ ಅವರಿಗೆ ದೊರೆತ ವರ. ಅವರ ನಾಡಿನ ಕಲಿಕೆಯ ಪರಂಪರೆಯೂ ವರವೇ. ಆದರೆ ಅವರನ್ನು ಕಂಡುಹಿಡಿದ ಕ್ರಮ ಯಾವ ಬಡ ಶಾಲೆಗೂ ಸಾಧ್ಯವಾದುದು. ಅದಕ್ಕೆ ಬೇಕಾದುದು ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಮತ್ತು ನೋಡುವ ತಾಳ್ಮೆ. ನಮ್ಮ ಕಬಡ್ಡಿ, ಖೋ-ಖೋ, ವಾಲಿಬಾಲ್ ಪಂದ್ಯಗಳಲ್ಲಿ ಅಂಕ ಗಳಿಸಿದವನ ಹೆಸರನ್ನು ನಾವು ಬರೆಯುತ್ತೇವೆ. ಅಂಕ ಗಳಿಸಲು ಎಡೆಮಾಡಿಕೊಟ್ಟವನ ಹೆಸರಿಗೆ ಇನ್ನೊಂದು ಅಂಕಣ ಎಳೆದರೆ ಖರ್ಚೇನಿಲ್ಲ. ಆಯ್ಕೆಗೆ ಮೊದಲು ತರಗತಿಯ ಪ್ರತಿಯೊಬ್ಬ ಹುಡುಗ, ಪ್ರತಿಯೊಬ್ಬ ಹುಡುಗಿ ಕೆಲವು ದಿನವಾದರೂ ಆಡಲಿ. ಆಮೇಲೆ ಆ ಎರಡೂ ಅಂಕಣಗಳನ್ನು ನೋಡಿ ಆರಿಸೋಣ.

ನಾನು ಹೊರಗಿಟ್ಟ ಆ ಹುಡುಗ ಬಹಳ ವರ್ಷಗಳ ನಂತರ ಹಾನಗಲ್ಲ ಬಸ್ ನಿಲ್ದಾಣದಲ್ಲಿ ಎದುರಾದ. ಕೈಯಲ್ಲಿ ಬೀಜದ ಚೀಲವಿತ್ತು. ನಮಸ್ಕರಿಸಿ, ಯೋಗಕ್ಷೇಮ ವಿಚಾರಿಸುವ ಮೊದಲೇ ಕೇಳಿದ: "ಸರ್, ಈ ವರ್ಸ ಟೀಮಿನ್ಯಾಗ ಯಾರ್ಯಾರ ಅದಾರ್ರೀ?" ನಾಲ್ಕು ಹೆಸರು ಹೇಳಿದೆ. ಐದನೆಯದು ನೆನಪಾಗಲಿಲ್ಲ. ಬಸ್ಸು ಬಂದಿತು, ಅವನು ಹತ್ತಿಹೋದ.

ಅಂದು ಸಂಜೆ ಶಾಲೆಗೆ ಮರಳಿದವನು ನೋಟುಬುಕ್ಕಿನಲ್ಲಿ ಎರಡನೆಯ ಅಂಕಣವನ್ನು ಎಳೆದೆ. ಅದು ಇಂದಿಗೂ ತುಂಬುತ್ತಿದೆ.