ನೀಲಿ ಕಿರಣದ ತಟ್ಟೆ

ನೂಲಿನ ನಂಬರು ಏರಿದಷ್ಟೂ ಎಳೆ ಸಣ್ಣದಾಗುವುದು. ಅದೇ ಅಗಲದಲ್ಲಿ ಹೆಚ್ಚು ಎಳೆಗಳು ಹಿಡಿಯುವುವು. ಚಿನ್ನಾಳಪಟ್ಟಿಯ ನೇಕಾರರ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಲನಚಿತ್ರದ ತಟ್ಟೆಯ ಮರ್ಮವೂ ಇದೇ. ಡಿ.ವಿ.ಡಿ.ಯನ್ನು ಓದುವ ಕೆಂಪು ಲೇಸರ್ ಕಿರಣದ ತರಂಗಾಂತರ 650 ನ್ಯಾನೋಮೀಟರ್. ತಟ್ಟೆಯ ಸುರುಳಿಗೆರೆಗಳ ನಡುವಣ ಅಂತರ 0.74 ಮೈಕ್ರಾನ್. ಬ್ಲೂ-ರೇ ತಟ್ಟೆಗೆ 405 ನ್ಯಾನೋಮೀಟರಿನ ನೀಲನೇರಳೆ ಕಿರಣ. ಗೆರೆಗಳ ಅಂತರ 0.32 ಮೈಕ್ರಾನ್. ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಯುತ್ತಿದ್ದ ಅಷ್ಟೇ ಅಗಲದ ತಟ್ಟೆಯಲ್ಲಿ 25 ಹಿಡಿಯಿತು.

2006ರಲ್ಲಿ ಇದೇ ಕಿರಣವನ್ನು ಬಳಸುವ ಎರಡು ಪದ್ಧತಿಗಳು ಪೇಟೆಗೆ ಬಂದವು: ತೋಷಿಬಾದವರ ಎಚ್.ಡಿ. ಡಿ.ವಿ.ಡಿ., ಸೋನಿ ಮೊದಲಾದವರ ಬ್ಲೂ-ರೇ. ಒಂದರ ತಟ್ಟೆ ಇನ್ನೊಂದರ ಯಂತ್ರದಲ್ಲಿ ಓಡದು. ಅಮೆರಿಕದಲ್ಲಿ ತೋಷಿಬಾದ ಯಂತ್ರಕ್ಕೆ 499 ಡಾಲರ್, ಮೊದಲ ಬ್ಲೂ-ರೇ ಯಂತ್ರಕ್ಕೆ ಸುಮಾರು 1000. ಬಾಡಿಗೆಯ ವಿ.ಸಿ.ಆರ್. ತಂದು ರಾತ್ರಿಯೆಲ್ಲ ಚಿತ್ರ ನೋಡಿದ ನನ್ನಂಥವನಾದರೆ ಅಗ್ಗದ್ದನ್ನೇ ಕೊಳ್ಳುತ್ತಿದ್ದೆನು! ಹಾಗೆ ಕೊಂಡವರೇ ಕೆಟ್ಟರು. 2008ರ ಜನವರಿಯಲ್ಲಿ ವಾರ್ನರ್ ಚಿತ್ರಸಂಸ್ಥೆಯು ಬ್ಲೂ-ರೇ ಪಕ್ಷಕ್ಕೆ ಹೋಯಿತು. ಫೆಬ್ರವರಿ 19ರಂದು ತೋಷಿಬಾ ತನ್ನ ಪದ್ಧತಿಯನ್ನು ಕೈಬಿಟ್ಟಿತು. ಹಿಂದೆ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಸೋತ ಸೋನಿ ಈ ಸಲ ಗೆದ್ದಿತು.

ಕೊಂಡವರ ಯಂತ್ರಗಳು ಹಳೆಯ ಡಿ.ವಿ.ಡಿ.ಗಳನ್ನೇನೋ ಓಡಿಸುತ್ತಿದ್ದವು, ಹೊಸ ಚಿತ್ರಗಳ ತಟ್ಟೆ ಅವುಗಳಿಗೆ ಬರುವುದು ನಿಂತಿತು. 2009ರಲ್ಲಿ ತೋಷಿಬಾ ತಾನೂ ಬ್ಲೂ-ರೇ ಕೂಟವನ್ನು ಸೇರಿತು.